ಚೌಡಿ ಯಾವ ಪುಸ್ತಕದಲ್ಲಿದ್ದಾಳೆ?

ಕಳೆದ ಭಾನುವಾರ ಮಗಳು ಕೇಳಿದ ಮಾತು ಇನ್ನೂ ಎದೆಯಲ್ಲಿ ಕೂತಿದೆ. ಆಕ್ಸ್‌ಫರ್ಡಿನ ಹೆಡಿಂಗ್ಟನ್ ಕ್ವಾರಿಯ ಚರ್ಚಿಗೆ ಹೋಗಿದ್ದೆವು. ನಾರ್ನಿಯಾ ಎಂಬ ಮಾಯಾಲೋಕದ ಮಕ್ಕಳ ಕತೆಗಳನ್ನು ಬರೆದ ಸಿ. ಎಸ್. ಲೂಯಿಸ್ ಅವರ ಸಮಾಧಿ ಅಲ್ಲೇ ಇದೆ. ಒಳಗೆ ಒಂದು ಕಿಟಕಿಯ ಗಾಜಿನ ಮೇಲೆಲ್ಲ ನಾರ್ನಿಯಾದ ಚಿತ್ರಗಳು. ಮಗಳು ಏಳೂ ಪುಸ್ತಕ ಓದಿದವಳು, ಒಂದೊಂದನ್ನೂ ಗುರುತು ಹಿಡಿದಳು. ನಾನು ಸುಮ್ನೆ, "ನಮ್ಮೂರ ಕಾಡಲ್ಲೂ ಚೌಡಿ ಇದ್ದಳು, ಭೂತಪ್ಪ ಇದ್ದ" ಅಂದೆ.

"ಯಾವ ಪುಸ್ತಕದಲ್ಲಿ ಅಮ್ಮಾ?"

ನನಗೆ ಬಾಯೇ ಬರಲಿಲ್ಲ.

ಲೂಯಿಸ್‌ಗೆ 16ನೇ ವಯಸ್ಸಿನಲ್ಲೇ ಒಂದು ಚಿತ್ರ ಮನಸ್ಸಿಗೆ ಬಂದಿತ್ತಂತೆ. ಹಿಮ ಬಿದ್ದ ಕಾಡು, ಅಲ್ಲಿ ಛತ್ರಿ ಹಿಡಿದು ಹೋಗುವ ಆಡುಗಾಲಿನ ಜೀವಿ. ಅದನ್ನು ಮರೆಯದೆ ಕಾಪಾಡಿಕೊಂಡರು. 1950ರಿಂದ 1956ರೊಳಗೆ ಏಳು ಪುಸ್ತಕ ಬಂದವು. ಒಬ್ಬರ ಮನಸ್ಸಲ್ಲಿ ಹುಟ್ಟಿದ ಕಾಡಿಗೆ ಇವತ್ತು ನಕ್ಷೆ ಇದೆ, ಕಿಟಕಿ ಇದೆ, ನೋಡಲು ಬರುವ ಜನ ಇದ್ದಾರೆ.

ಚೌಡಿಯನ್ನು ನನ್ನಜ್ಜಿ ಕತೆ ಅಂತ ಯಾವತ್ತೂ ಹೇಳಿದವಳಲ್ಲ. ಸಾಗರದ ಕಡೆ ಶರಾವತಿ ದಂಡೆಯ ಊರು ಅವಳದು. ಬನದಲ್ಲಿ ಒಂದು ಕಲ್ಲು, ಅಷ್ಟೇ. ಗುಡಿಯಿಲ್ಲ. ಆ ಬನದಿಂದ ಒಣಗಿದ ಕಡ್ಡಿಯನ್ನೂ ಒಲೆಗೆ ತರುವಂತಿಲ್ಲ, ದರಗು ಗುಡಿಸುವಂತಿಲ್ಲ. ಮೇಯಲು ಹೋದ ದನ ಕತ್ತಲಾದರೂ ಬರದಿದ್ದರೆ ಚೌಡಿಗೊಂದು ಕಾಯಿ ಹರಕೆ ಹೇಳಿಕೊಂಡು ಅಜ್ಜಿ ನಿಶ್ಚಿಂತೆಯಿಂದ ಮಲಗುತ್ತಿದ್ದಳಂತೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಮನೆ, ಗದ್ದೆ, ಅಡಿಕೆ ತೋಟ, ಬನ ಎಲ್ಲ ನೀರಿನಡಿಗೆ ಹೋದವು. ನಾಡಿಗೆ ಕರೆಂಟು ಸಿಕ್ಕಿತು, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ನಾರ್ನಿಯಾದ ಕಾಡಿನ ನಡುವೆ ಒಂದು ದೀಪದ ಕಂಬ ಉರಿಯುತ್ತಿರುತ್ತದೆ, ಸುತ್ತ ಕಾಡೂ ಹಾಗೇ ಇರುತ್ತದೆ. ಅದನ್ನು ಮಗಳಿಗೆ ಓದಿ ಹೇಳುವಾಗೆಲ್ಲ ನನಗೆ ಶರಾವತಿ ನೆನಪಾಗುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ಆ ಬನದ ಬಗ್ಗೆ ಒಂದು ಸಾಲು ಬರೆದಿಡಲಿಲ್ಲ. ಅಜ್ಜಿ ಇದ್ದಾಗ ನಾನೂ ಕೂತು ಕೇಳಲಿಲ್ಲ. ಇದು ಜಾಸ್ತಿ ನೋಯುತ್ತದೆ.

ಆ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ಊರು ಬಿಡುವಾಗ ಅಮ್ಮನಿಗೆ ಒಂಬತ್ತು ವರ್ಷ. ಬನ ಯಾವ ಕಡೆಗಿತ್ತು ಅಂತ ಕೇಳಿದೆ. ಮಗಳು ಪೆನ್ಸಿಲ್ ಹಿಡಿದು ಪಕ್ಕದಲ್ಲೇ ಕೂತಳು.

"ಬಚ್ಚಲ ಬಾಗಿಲಿಂದ ಇಳಿದ್ರೆ ಹಳ್ಳ. ಅದರಾಚೆ ಬನ" ಅಂದ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಸಿಗೇಲಿ ನೀರು ಇಳಿದಾಗ ಮರದ ಬೊಡ್ಡೆ ಕಾಣ್ತವೆ ಕಣೆ. ಕರ್ಕೊಂಡು ಬಾ ಅವಳನ್ನ" ಅಂದಳು.

ಈಸ್ಟರ್ ರಜೆಗೆ ಟಿಕೆಟ್ ನೋಡುತ್ತಿದ್ದೇನೆ. ಮಳೆ ಹಿಡಿಯುವುದರೊಳಗೆ ಹೋಗಬೇಕು.