ಉದ್ದಿನಬೇಳೆ ಮೇಲಿನ ಕಪಾಟಿಗೆ ಹೋದ ಕಥೆ

ಮೇ ತಿಂಗಳ ಕೊನೆಯ ಭಾನುವಾರ. ಅತ್ತೆ ಬ್ರಹ್ಮಾವರದಿಂದ ಕಾರಿನ ಡಿಕ್ಕಿ ತುಂಬಿಸಿಕೊಂಡು ಬಂದರು. ಅರ್ಧ ಗೋಣಿ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಕಟ್ಟುಗಳು, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಮಾವಿನ ರಸ ಒಣಗಿಸಿದ ಮಾಂಬಳ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಭರಣಿ. ಮಳೆಗಾಲಕ್ಕೆ, ಅದರಲ್ಲೂ ಜುಲೈ-ಆಗಸ್ಟಿನ ಆಟಿ ತಿಂಗಳಿಗೆ ಇರಲಿ ಅಂತ. ಊರಿನ ಮನೆಯಲ್ಲಿ ಇದನ್ನೆಲ್ಲ ಇಡಲು ಅಟ್ಟ ಉಂಟು. ನಮ್ಮದು ಮಂಗಳೂರಿನ ಬಿಜೈಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಅಡುಗೆಮನೆಯ ಕಪಾಟಿನ ಬಾಗಿಲು ಮೊದಲೇ ಮುಚ್ಚುತ್ತಿರಲಿಲ್ಲ.

ಸರಿ, ಇವತ್ತು ಎಲ್ಲ ಖಾಲಿ ಮಾಡುವುದೇ ಎಂದು ಸೀರೆಯ ಸೆರಗು ಸಿಕ್ಕಿಸಿದೆ.

ಹೊರಗೆ ಬಂದದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಐಸ್‌ಕ್ರೀಂ ಡಬ್ಬಗಳೇ ಮೂವತ್ತೊಂದು. ಅದರಲ್ಲಿ ಹದಿನಾಲ್ಕಕ್ಕೆ ಮುಚ್ಚಳವಿಲ್ಲ. ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ನೂರಾರು ತೊಟ್ಟೆ. ಮೂರು ಚಪಾತಿ ಲಟ್ಟಣಿಗೆ. ನಮ್ಮ ಮನೆಯಲ್ಲಿ ಚಪಾತಿ ಮಾಡುವುದು ವಾರಕ್ಕೊಮ್ಮೆ! ಮದುವೆಗೆ ಉಡುಗೊರೆಯಾಗಿ ಬಂದ ಗಾಜಿನ ಸೆಟ್ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಪೆಟ್ಟಿಗೆಗೆ ಹೋದ ಮಳೆಗಾಲದ ಬೂಷ್ಟು ಹಿಡಿದಿತ್ತು.

ಪೇಟೆಗೆ, ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ಕಡೆ ಹೋಗಿ ಒಂದೇ ಅಳತೆಯ ಇಪ್ಪತ್ನಾಲ್ಕು ಪಾರದರ್ಶಕ ಡಬ್ಬ ತಂದೆ. ಬೇಳೆಗಳೆಲ್ಲ ಒಂದು ಕಡೆ, ಹಿಟ್ಟುಗಳೆಲ್ಲ ಒಂದು ಕಡೆ, ಮಸಾಲೆ ಇನ್ನೊಂದು ಕಡೆ. ಪ್ರತಿ ಡಬ್ಬಕ್ಕೂ ಚೀಟಿ ಅಂಟಿಸಿದೆ. ಅತ್ತೆ ಹಾಲ್‌ನಲ್ಲಿ ಕೂತು ಬೀನ್ಸ್ ಮುರಿಯುತ್ತಾ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದರೆ ಏನೋ ಉಂಟು ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ಏಳು ಗಂಟೆ. ಒಲೆಯ ಮೇಲೆ ಎಣ್ಣೆ ಕಾದಿದೆ. ಅತ್ತೆ ಸಾಸಿವೆ ಹಾಕಿದರು. ಆಮೇಲೆ ಕೈ ಗಾಳಿಯಲ್ಲೇ ನಿಂತಿತು.

"ಉದ್ದಿನಬೇಳೆ ಎಲ್ಲಿ ಮಾರಾಯ್ತಿ?"

ಬೇಳೆಗಳ ಜೊತೆ, ಮೇಲಿನ ಕಪಾಟಿನಲ್ಲಿ. ಅತ್ತೆಗೆ ಅಲ್ಲಿಗೆ ಕೈ ಎಟಕುವುದಿಲ್ಲ. ನಾನು ಸ್ಟೂಲ್ ತಂದು, ಹತ್ತಿ, ಚೀಟಿ ಓದಿ ಇಳಿಸುವಷ್ಟರಲ್ಲಿ ಸಾಸಿವೆ ಕರಟಿ ಹೋಗಿತ್ತು. ಆವತ್ತಿನ ಚಟ್ನಿಗೆ ಕಹಿ ಒಗ್ಗರಣೆ.

"ಅದು ಬೇಳೆ ಅಲ್ಲ, ಒಗ್ಗರಣೆ ಸಾಮಾನು," ಅಂದರು ಅತ್ತೆ.

ಅಷ್ಟೇ ಹೇಳಿದ್ದು. ನಾನು ಆಫೀಸಿಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಹೋದೆ. ನಾನು ಜೋಡಿಸಿದ್ದು ಅಂಗಡಿಯ ಹಾಗೆ, ಜಾತಿ ನೋಡಿ. ಅವರು ಜೋಡಿಸುವುದು ಕೆಲಸ ನೋಡಿ. ಊರಿನ ಮನೆಯಲ್ಲಿ ಕಾವಲಿ, ದೋಸೆ ಸೌಟು, ಎಣ್ಣೆ ಹಚ್ಚುವ ತೆಂಗಿನ ನಾರು ಎಲ್ಲ ಒಂದೇ ಮೂಲೆಯಲ್ಲಿ ಇರುತ್ತವೆ. ನೋಡಲಿಕ್ಕೆ ಚಂದ ಇಲ್ಲ, ನಿಜ. ಆದರೆ ಕರೆಂಟು ಹೋದರೂ ಕತ್ತಲಲ್ಲೇ ನೀರುದೋಸೆ ಎರೆಯುತ್ತಾರೆ.

ಆದರೂ ನಾನು ಕೂಡಲೇ ಸೋಲಲಿಲ್ಲ. ಉದ್ದಿನಬೇಳೆ ಒಂದನ್ನು ಕೆಳಗಿಳಿಸಿ ಸುಮ್ಮನಾದೆ. ಸೋಲಿಸಿದ್ದು ಜೂನ್. ಮಳೆ ಹಿಡಿದು ಎರಡು ವಾರಕ್ಕೆ ಚೀಟಿಗಳು ಒಂದೊಂದಾಗಿ ಬಿದ್ದವು. ಅಕ್ಕಿಹಿಟ್ಟು ಯಾವುದು, ಮೈದಾ ಯಾವುದು, ದೇವರೇ ಬಲ್ಲ. ಕಿಟಕಿ ಪಕ್ಕ ಚಂದಕ್ಕೆ ಇಟ್ಟಿದ್ದ ಉಪ್ಪಿನ ಡಬ್ಬದ ಮುಚ್ಚಳ ಸಡಿಲವಿತ್ತು. ಉಪ್ಪು ಅರ್ಧಕ್ಕರ್ಧ ನೀರು. ಗಾಳಿಯಲ್ಲಿ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಅದು 75ರ ಕೆಳಗೆ ಇಳಿಯುವುದೇ ಅಪರೂಪ. ಅತ್ತೆ ಉಪ್ಪಿನ ಭರಣಿಯನ್ನು ಯಾವಾಗಲೂ ಒಲೆಗೆ ತಾಗಿಯೇ ಇಡುತ್ತಿದ್ದದ್ದು ಸುಮ್ನೆ ಅಲ್ಲ. ಬೆಂಕಿಪೆಟ್ಟಿಗೆಯೂ ಅಲ್ಲೇ. ನಾನು ಅದನ್ನು ಗಲೀಜು ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಇಬ್ಬರೂ ಸೇರಿ ಮತ್ತೆ ಇಳಿಸಿದೆವು. ಈ ಸಲ ಅವರು ಹೇಳಿದರು, ನಾನು ಇಟ್ಟೆ. ದಿನಾ ಬೇಕಾದದ್ದು ಅವರ ಸೊಂಟದಿಂದ ಭುಜದ ಎತ್ತರದೊಳಗೆ. ಹಪ್ಪಳ, ಸಾಂತಾಣಿ ಗಾಳಿಯಾಡದ ತಗಡಿನ ಡಬ್ಬದಲ್ಲಿ, ಮೇಲೆ. ಹೊಸ ಡಬ್ಬಗಳಲ್ಲಿ ಒಂಬತ್ತು ಮಾತ್ರ ಉಪಯೋಗಕ್ಕೆ ಬಂದವು. ಉಳಿದದ್ದನ್ನು ನಾದಿನಿಗೆ ದಾಟಿಸಿದೆ. ಗಾಜಿನ ಸೆಟ್ಟಿನಲ್ಲಿ ಈಗ ದಿನಾ ಮಜ್ಜಿಗೆ ಕುಡಿಯುತ್ತೇವೆ. ಸೇಮಿಗೆ ಒತ್ತುವ ಮಣೆಗೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಅದು ಹಾಲ್‌ನ ದಿವಾನದ ಕೆಳಗೆ ಮಲಗಿದೆ, ಬಂದವರ ಕಾಲಿಗೆ ತಾಗುತ್ತದೆ.

ಮುಚ್ಚಳವಿಲ್ಲದ ಹದಿನಾಲ್ಕು ಡಬ್ಬ ಗುಜರಿಗೆ ಹೋದವು. ಅತ್ತೆಯನ್ನು ಒಪ್ಪಿಸಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಫ್ರಿಜ್ಜಿನ ಹಿಂದೆ ಗುಡಿಸುವಾಗ ಒಂದು ಮುಚ್ಚಳ ಸಿಕ್ಕಿತು. ನಾನು ಕಸದ ಬುಟ್ಟಿಗೆ ಹಾಕಲು ಹೊರಟೆ.

"ಇಲ್ಲಿ ಕೊಡು," ಅಂತ ಅತ್ತೆ ಕೈಯಿಂದ ತೆಗೆದುಕೊಂಡು, ತೊಳೆದು, ಒರೆಸಿ ಕಪಾಟಿನಲ್ಲಿಟ್ಟರು. "ಇದಕ್ಕೊಂದು ಡಬ್ಬ ಬಂದೇ ಬರ್ತದೆ."