ಎರಡನೇ ವರ್ನಿಯರ್

ಕರೆಂಟ್ ಹೋಗಿ ಬಂದಾಗ ಸೋಡಿಯಂ ದೀಪ ಮೊದಲು ಕೆಂಪಗೆ ಹತ್ತುತ್ತದೆ. ಅದು ಒಳಗಿನ ನಿಯಾನ್. ಸೋಡಿಯಂ ಆವಿಯಾಗಿ ಪೂರ್ತಿ ಹಳದಿಗೆ ತಿರುಗಲು ಹತ್ತು ನಿಮಿಷ ಹಿಡಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಪ್ರತಿ ಪ್ರಾಕ್ಟಿಕಲ್‌ಗೆ ಒಂದು ಸಲವಾದರೂ ಈ ಬಿಡುವು ಸಿಗುತ್ತಿತ್ತು. ಮೊನ್ನೆ ತೀರಿಕೊಂಡ ನಮ್ಮ ಫಿಸಿಕ್ಸ್ ಸರ್ ಹೇಳಿದ್ದರಲ್ಲಿ ಇಂದಿಗೂ ಉಳಿದಿರುವುದು ಆ ಹತ್ತು ನಿಮಿಷಗಳ ಮಾತೇ. ಬಿ.ಎಸ್ಸಿ. ಸಿಲೆಬಸ್ ಎಲ್ಲಿ ಹೋಯಿತೋ!

ಬೆಳಕಿನ ಗೆರೆಗಳ ಕೋನ ಅಳೆಯುವ ಒಂದು ಸ್ಪೆಕ್ಟ್ರೋಮೀಟರ್‌ಗೆ ನಾಲ್ವರು. ಬಿಟ್ಟರೆ ಕೆಲಸ ತಾನೇ ಹಂಚಿಹೋಗುತ್ತದೆ. ಪೇಟೆಯ ಹುಡುಗ ಟೆಲಿಸ್ಕೋಪ್ ಹಿಡಿಯುತ್ತಾನೆ, ಅವನ ಗೆಳೆಯ ರೀಡಿಂಗ್ ಕೂಗುತ್ತಾನೆ, ಹುಡುಗಿ ಬರೆದುಕೊಳ್ಳುತ್ತಾಳೆ, ಸಮಾಜ ಕಲ್ಯಾಣ ಹಾಸ್ಟೆಲ್‌ನ ಹುಡುಗ ಗ್ರೇಟಿಂಗ್ (ನವಿರು ಗೆರೆ ಕೊರೆದ ಗಾಜು) ಡಬ್ಬಿ ತಂದುಕೊಟ್ಟು ಹಿಂದೆ ನಿಲ್ಲುತ್ತಾನೆ. ಯಾರೂ ಯಾರನ್ನೂ ಬೈದಿರುವುದಿಲ್ಲ. ಪರೀಕ್ಷೆಯಲ್ಲಿ ಕಡೆಯ ಇಬ್ಬರು ಒಬ್ಬೊಬ್ಬರೇ ಯಂತ್ರದ ಮುಂದೆ ಕೂತಾಗ ಗೊತ್ತಾಗುತ್ತದೆ. ಕ್ಲ್ಯಾಂಪ್ ಬಿಗಿಯದೆ ಕೂದಲೆಳೆಯಷ್ಟು ಸರಿಸುವ ಟ್ಯಾಂಜೆಂಟ್ ಸ್ಕ್ರೂ ಎಷ್ಟು ತಿರುವಿದರೂ ಟೆಲಿಸ್ಕೋಪ್ ಅಲುಗದು. ಇದು ಹಿಡಿದವರಿಗೆ ತಿಳಿದಿರುತ್ತದೆ, ಬರೆದುಕೊಂಡವರಿಗಲ್ಲ. ಮಾರ್ಕ್ಸ್ ಅಲ್ಲೇ ಹೋಗುತ್ತವೆ. ಆಮೇಲೆ ‘ಇಂಥವರಿಗೆ ಫಿಸಿಕ್ಸ್ ತಲಿಗೆ ಹತ್ತಂಗಿಲ್ಲ’ ಅನ್ನುವ ಮಾತು.

ಸರ್ ಇದಕ್ಕೆ ಭಾಷಣ ಮಾಡಲಿಲ್ಲ. ಕಿಟಕಿಯಾಚೆಯ ಗೋಳಗುಮ್ಮಟ ತಲೆಕೆಳಗಾಗಿ, ಅಂಚು ಚೂಪಾಗಿ ಕಾಣುವ ತನಕ ನಾಲ್ವರೂ ಸರದಿಯಂತೆ ಟೆಲಿಸ್ಕೋಪ್ ಫೋಕಸ್ ಮಾಡಬೇಕು. ನೇರ ಕಿರಣ, ಎಡ, ಬಲ, ಎರಡನೇ ಆರ್ಡರ್, ಪ್ರತಿ ಸಲ ಜಾಗ ಬದಲು. ಕಚ್ಚಾ ರೀಡಿಂಗ್‌ನಲ್ಲಿ ನಾಲ್ಕು ಕೈಬರಹ ಕಾಣದಿದ್ದರೆ ಜರ್ನಲ್‌ಗೆ ಸಹಿ ಇಲ್ಲ. ಇಂಡಿ, ಸಿಂದಗಿ ಬಸ್ಸಿಗೆ ಓಡಬೇಕಾದ ಹುಡುಗಿಯರ ಸರದಿ ಮೊದಲು.

ದುಂಡು ಸ್ಕೇಲಿನ ಮೇಲೆ ಮಿನಿಟ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಓದಲು ಎದುರುಬದುರಾಗಿ ಎರಡು ವರ್ನಿಯರ್ ಪಟ್ಟಿಗಳಿರುತ್ತವೆ. ಒಮ್ಮೆ ನಮ್ಮ ಬ್ಯಾಚಿನ ಶಾಣ್ಯಾರು ಎರಡನೇ ವರ್ನಿಯರ್ ನೋಡುವ ಗೋಜೇ ಬೇಡವೆಂದು ಮೊದಲನೆಯದಕ್ಕೆ 180 ಡಿಗ್ರಿ ಕೂಡಿಸಿ ಬರೆದರು. ಇಂಚಿಗೆ 15,000 ಗೆರೆಯ ಗ್ರೇಟಿಂಗ್. ಹಳದಿ ಗೆರೆಗೆ ಎಡಬಲದ ಅಂತರ 40 ಡಿಗ್ರಿ 44 ಮಿನಿಟ್, ಚೆಂದಾಗಿ ಬಂದಿತ್ತು. ಸರ್ ಅದನ್ನು ನೋಡಲೇ ಇಲ್ಲ, ವರ್ನಿಯರ್ ಕಾಲಂ ಮೇಲೆ ಬೆರಳಿಟ್ಟರು. “ಏನ್ರೋ, ಈ ಮಷಿನ್ನಿಗೆ 180 ಬಾಯಿಪಾಠ ಬಂತೇನು?” ಟೆಲಿಸ್ಕೋಪ್ ತಿರುಗುವ ಕೇಂದ್ರವೂ ಸ್ಕೇಲಿನ ಕೇಂದ್ರವೂ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಆ ಹಳೇ ಯಂತ್ರದಲ್ಲಿ ಎರಡು-ಮೂರು ಮಿನಿಟ್ ಆಚೀಚೆ ಆಗಲೇಬೇಕು, ಅದೂ ಜಾಗದಿಂದ ಜಾಗಕ್ಕೆ ಬದಲಾಗುತ್ತ. ಎದುರಿನ ವರ್ನಿಯರನ್ನೂ ಓದಿ ಸರಾಸರಿ ತೆಗೆದರೆ ಮಾತ್ರ ಆ ತಪ್ಪು ಹೋಗುತ್ತದೆ. ಇಡೀ ಪ್ರಯೋಗ ಮತ್ತೆ ಮಾಡಿಸಿದರು.

ಕರೆಂಟ್ ಇಲ್ಲದ ಹೊತ್ತಿನಲ್ಲಿ ಸರ್ ಮಾತಿನಲ್ಲಿ ವಿಜ್ಞಾನಿ ಮೇಘನಾದ ಸಹಾ ಬರುತ್ತಿದ್ದರು. ಇದೇ ಹಳದಿ ಗೆರೆ ಸೂರ್ಯನ ಕಲೆಗಳ ಬೆಳಕಿನಲ್ಲಿ ಏಕೆ ದಟ್ಟವಾಗುತ್ತದೆ? ಕಲೆ ಸುತ್ತಲಿಗಿಂತ ತಂಪು. ಅಲ್ಲಿ ಹೆಚ್ಚು ಸೋಡಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳದೆ ಉಳಿಯುತ್ತವೆ, ಈ ಗೆರೆ ಅಂಥವುಗಳದ್ದೇ. ಎಷ್ಟು ಉಳಿಯುತ್ತವೆಂದು ತಿಳಿಯುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಸಹಾ. ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲ್‌ನಲ್ಲಿ ಜಾತಿಯ ಕಾರಣಕ್ಕೆ ಬೇರೆ ಕೂತು ಉಣ್ಣಬೇಕಾದವರೂ ಅವರೇ. ರಾಮನ್ ಪರಿಣಾಮ ಕಲಿಸಿದ ದಿನ ಸರ್ ಇನ್ನೊಂದನ್ನೂ ಹೇಳಿದರು: 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಸೊಹೊನಿಯವರಿಗೆ ಹೆಣ್ಣೆಂದು, ಆಗ ಅಲ್ಲಿ ನಿರ್ದೇಶಕರಾಗಿದ್ದ ಅದೇ ರಾಮನ್ ಮೊದಲು ಸೀಟು ಕೊಡಲಿಲ್ಲ, ಆಮೇಲೆ ಒಂದು ವರ್ಷದ ಷರತ್ತಿನ ಮೇಲೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

ವೈವಾದಲ್ಲಿ ‘ಅಡ್ಡಹೆಸರೇನು?’ ಎಂಬುದೇ ಮೊದಲ ಪ್ರಶ್ನೆಯಾಗುವ ಸೀಮೆ ನಮ್ಮದು. ಅಡ್ಡಹೆಸರು ತಿಳಿದರೆ ಜಾತಿ ತಿಳಿಯಿತು. ಹೊರಗಿನಿಂದ ಬಂದ ಪರೀಕ್ಷಕರ ಕೈಗೆ ಸರ್ ಕೊಡುತ್ತಿದ್ದ ಪಟ್ಟಿಯಲ್ಲಿ ಬರೀ ನಂಬರ್ ಇರುತ್ತಿತ್ತು. ನಮ್ಮ ಬ್ಯಾಚಿನ ಜರ್ನಲ್‌ಗಳನ್ನು ಎಷ್ಟೋ ವರ್ಷ ಮಾದರಿಯೆಂದು ತೋರಿಸುತ್ತಿದ್ದರಂತೆ. ಹೇಳಿಕೊಳ್ಳಬಾರದು, ಆದರೂ.

ಈಗ ಸ್ಕ್ರೀನ್ ಮೇಲೆಯೇ ಪ್ರಯೋಗ ಮುಗಿಯುತ್ತದೆ. ಅಲ್ಲಿ ಎರಡು ವರ್ನಿಯರ್‌ಗಳ ನಡುವೆ ಯಾವಾಗಲೂ ಸರಿಯಾಗಿ 180. ಮೌಸ್ ಯಾರ ಕೈಯಲ್ಲಿರುತ್ತದೆಂದು ಒಮ್ಮೆ ಗಮನಿಸಿ. ಹಳೇ ಯಂತ್ರ ಕಪಾಟಿನಲ್ಲಿದ್ದರೆ ಹೊರಗೆ ತೆಗೆಯಿರಿ, ಮೊದಲು ಕ್ಲ್ಯಾಂಪ್ ಬಿಗಿಯಿರಿ. ಸ್ಕೇಲು ಸೊನ್ನೆ ದಾಟಿ ಎಡಬಲದ ವ್ಯತ್ಯಾಸ 319 ಡಿಗ್ರಿ 16 ಮಿನಿಟ್ ಬಂದರೆ ಗಾಬರಿಯಾಗಬೇಡಿ, 360ರಲ್ಲಿ ಕಳೆಯಿರಿ.