ಪ್ರೊಟೆಸಿಲೌಸನ ದಿಬ್ಬದ ಕಡೆಗೆ

ಟರ್ಕಿಯ ಚನಕ್ಕಲೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಟ್ರಾಯ್ ನೋಡಲು ಹೊರಡುತ್ತಾರೆ. ನಾನು ಫೆರಿಯಲ್ಲಿ ಡಾರ್ಡನೆಲ್ಸ್ ಜಲಸಂಧಿ ದಾಟಿ ಎದುರು ದಡಕ್ಕೆ, ಗಲಿಪೊಲಿ ಪರ್ಯಾಯ ದ್ವೀಪದ ತುದಿಯಲ್ಲಿರುವ ಸೆದ್ದುಲ್‌ಬಹಿರ್‌ಗೆ ಹೋದೆ. ಟ್ರಾಯ್ ಯುದ್ಧದಲ್ಲಿ ಎಲ್ಲರಿಗಿಂತ ಮೊದಲು ಪ್ರಾಣ ಕೊಟ್ಟ ಗ್ರೀಕ್ ವೀರ ಪ್ರೊಟೆಸಿಲೌಸನ ಸಮಾಧಿಯನ್ನು ಪ್ರಾಚೀನರು ಗುರುತಿಸಿದ್ದು ಇಲ್ಲಿನ ಎಲಯೂಸ್ ಎಂಬ ಊರಿನಲ್ಲಿ.

ಟ್ರಾಯ್ ಯುದ್ಧವನ್ನು ಹಾಡಿದ ಗ್ರೀಕ್ ಕವಿ ಹೋಮರ್ ಇವನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಥೆಸಲಿಯಿಂದ 40 ಹಡಗುಗಳೊಡನೆ ಬಂದವನು, ಹಡಗಿನಿಂದ ನೆಲಕ್ಕೆ ಹಾರಿದವರಲ್ಲಿ ಮೊದಲಿಗ, ಹಾರಿದಾಗಲೇ ಶತ್ರುವಿನ ಕೈಯಲ್ಲಿ ಹತನಾದವನು. ಊರಿನಲ್ಲಿ ಕೆನ್ನೆ ಪರಚಿಕೊಂಡು ಅಳುವ ಹೆಂಡತಿ, ಅರ್ಧಕ್ಕೆ ನಿಂತ ಮನೆ. ಅದೇ ಕಾವ್ಯದ ಮಹಾವೀರ ಅಕಿಲೀಸನ ಕೋಪದ ವಿಸ್ತಾರವಾದ ವರ್ಣನೆಗಿಂತ ಆ ಮುಗಿಯದ ಮನೆಯ ಒಂದು ಮಾತೇ ನನ್ನನ್ನು ಹೆಚ್ಚು ಕಲಕುತ್ತದೆ.

ಮೋರ್ತೊ ಕೊಲ್ಲಿಯ ಸಮೀಪದಲ್ಲಿರುವ ಕರಾಆಚ್‌ತೆಪೆ ಎಂಬ ದಿಬ್ಬವನ್ನು ಅವನ ಸಮಾಧಿಯೆಂದು ಹೇಳುತ್ತ ಬಂದಿದ್ದಾರೆ; ಅಗೆದು ನೋಡಿದಾಗ ಸಿಕ್ಕಿದ್ದು ಇತಿಹಾಸಪೂರ್ವ ಕಾಲದ ಜನವಸತಿಯ ಅವಶೇಷ. ಈ ಸುತ್ತಿನ ನೆಲದಲ್ಲಿ ಮೊದಲ ಮಹಾಯುದ್ಧದ ಕಾಲದ, 1915ರ ಗಲಿಪೊಲಿ ಕಾಳಗದ ಸಮಾಧಿಗಳೂ ಬೇಕಾದಷ್ಟಿವೆ. ಹೆಲ್ಲೆಸ್ ಸ್ಮಾರಕದ ಕಲ್ಲಿನಲ್ಲಿ ಭಾರತೀಯ ಸೈನಿಕರ ಹೆಸರುಗಳನ್ನು ಓದುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಜಲಸಂಧಿಯ ಆಚೆಗೆ ಟ್ರಾಯ್‌ನ ಬಯಲು ಕಾಣುತ್ತದೆ. ಪ್ರೊಟೆಸಿಲೌಸನ ಸಮಾಧಿಯ ಮೇಲಿನ ಮರಗಳು ಟ್ರಾಯ್ ಕಾಣುವಷ್ಟು ಎತ್ತರಕ್ಕೆ ಬೆಳೆದೊಡನೆ ಒಣಗಿ, ಮತ್ತೆ ಚಿಗುರುತ್ತಿದ್ದವೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ದಾಟುವ ಮೊದಲು ಅಲೆಕ್ಸಾಂಡರ್ ಇಲ್ಲಿಯೇ ಬಲಿ ಅರ್ಪಿಸಿ, ತನ್ನ ಇಳಿಯುವಿಕೆ ಇವನದಕ್ಕಿಂತ ಶುಭವಾಗಲೆಂದು ಬೇಡಿಕೊಂಡ.

ಎಲಯೂಸಿನವರಿಗೆ ಪ್ರೊಟೆಸಿಲೌಸ್ ದೇವರೇ ಆಗಿದ್ದ. ಪರ್ಷಿಯದ ಅಧಿಕಾರಿ ಅರ್ತಯಕ್ಟೀಸ್, ‘ನಿಮ್ಮ ನೆಲದ ಮೇಲೆ ದಂಡೆತ್ತಿ ಬಂದು ಸತ್ತ ಗ್ರೀಕನೊಬ್ಬನ ಮನೆ ಇಲ್ಲಿದೆ, ಅದನ್ನು ನನಗೆ ಕೊಡಿ’ ಎಂದು ದೊರೆ ಕ್ಸೆರ್ಕ್ಸೀಸನನ್ನು ನಂಬಿಸಿ ಗುಡಿಯ ಸಂಪತ್ತನ್ನು ದೋಚಿದ, ಗುಡಿಯ ಭೂಮಿಯಲ್ಲಿ ಬೇಸಾಯ ಮಾಡಿಸಿದ. ಮುಂದೆ ಅವನು ಗ್ರೀಕರ ಸೆರೆಯಾಳಾದಾಗ ನಡೆದದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೀಗೆ ಹೇಳುತ್ತಾನೆ: ಕಾವಲುಗಾರನೊಬ್ಬ ಕೆಂಡದ ಮೇಲೆ ಸುಡುತ್ತಿದ್ದ ಉಪ್ಪುಮೀನು ಆಗಷ್ಟೇ ಹಿಡಿದ ಮೀನಿನಂತೆ ಚಿಮ್ಮಿ ಒದ್ದಾಡಿತು. ಇದು ತನಗೇ ಬಂದ ಸೂಚನೆ, ಸತ್ತು ಒಣಗಿದ್ದರೂ ಪ್ರೊಟೆಸಿಲೌಸನಿಗೆ ತಪ್ಪು ಮಾಡಿದವನನ್ನು ದಂಡಿಸುವ ಶಕ್ತಿ ಇದೆ ಎಂದ ಅರ್ತಯಕ್ಟೀಸ್, ಗುಡಿಗೆ 100 ಟ್ಯಾಲೆಂಟ್ (ಆ ಕಾಲದ ಹಣದ ದೊಡ್ಡ ಅಳತೆ), ತನ್ನ ಮತ್ತು ಮಗನ ಜೀವಕ್ಕೆ 200 ಟ್ಯಾಲೆಂಟ್ ಕೊಡಲು ಮುಂದಾದ. ಎಲಯೂಸಿನ ಜನ ಅವನ ಪ್ರಾಣವನ್ನೇ ಕೇಳಿದರು. ಅಥೆನ್ಸಿನ ಸೇನಾಪತಿ ಕ್ಸಾಂಥಿಪ್ಪಸನೂ ಹಣಕ್ಕೆ ಒಪ್ಪಲಿಲ್ಲ.